ಏಳು ದಿನಕ್ಕೊಮ್ಮೆ ತೆರೆಯುವ ಬಾಗಿಲು

ಮನೆಯ ಜಗಲಿಗೆ ಬಂದವರಿಗೆ ಮೊದಲು ಬೆಲ್ಲ ನೀರು, ತರುವಾಯ ಮಾತು ಎಂಬುದು ನಮ್ಮ ಹಿರಿಯರು ಇಟ್ಟುಕೊಂಡಿದ್ದ ಕ್ರಮ. ಆದರೆ ಆ ಮಾತು ನಾಲ್ಕು ಹೆಜ್ಜೆ ಮುಂದುವರಿಯುವಷ್ಟರಲ್ಲಿ, “ಯಾವ ಊರಾಯಿತು? ಯಾರ ಪೈಕಿ?” ಎಂಬ ಪ್ರಶ್ನೆಯು ಬಂದೇ ಬರುತ್ತಿತ್ತು, ಈಗಲೂ ಬರುವುದುಂಟು. ಉತ್ತರವು ದೊರೆತ ಮೇಲೆಯೇ ಬಂದವರನ್ನು ಎಲ್ಲಿ ಕುಳ್ಳಿರಿಸಬೇಕು, ಒಳಕ್ಕೆ ಕರೆಯಬಹುದೋ ಹೊರಗಿನಿಂದಲೇ ಕಳುಹಿಸಬೇಕೋ, ಕಾಫಿಯನ್ನು ಯಾವ ಲೋಟದಲ್ಲಿ ಕೊಡಬೇಕು ಎಂಬುದೆಲ್ಲ ನಿರ್ಧಾರವಾಗತಕ್ಕದ್ದು. ಈ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳದ ಒಬ್ಬ ಹೋಟೆಲಿನ ಯಜಮಾನನ ವಿಚಾರವನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದು ನಾವು ಬಯಸಿದ್ದೇವೆ. ಅವನು ಕಥೆಯಲ್ಲಿರುವವನು, ಕಥೆಯು ಜಪಾನ್ ದೇಶದ್ದು.

ಈ ಯಜಮಾನನ ಪರಿಚಯವು ನಮಗೆ ಆದುದು ಮಕ್ಕಳಿಂದ. ರಜೆಗೆಂದು ಬಂದಿದ್ದ ಮನೆಯ ಹುಡುಗರು ಒಂದು ಸಂಜೆ ಚಿತ್ರಸರಣಿಯೊಂದನ್ನು ನೋಡುತ್ತ ಕುಳಿತಿದ್ದರು. ನಾವು ಇಣಿಕಿ ನೋಡಿದಾಗ ತಲೆಯ ಮೇಲೆ ಎರಡು ಚಿಕ್ಕ ಕೊಂಬುಗಳಿದ್ದ ಹುಡುಗಿಯೊಬ್ಬಳು ನಗುನಗುತ್ತ ತಟ್ಟೆಗಳನ್ನು ತಂದಿಡುತ್ತಿದ್ದಳು. ಹಲ್ಲಿಯ ಮೋರೆಯ ಭಾರಿ ಆಳೊಬ್ಬನು ಮೊಟ್ಟೆಯ ಹೊದಿಕೆ ಹೊದಿಸಿದ ಅನ್ನವನ್ನು ಬಹು ಭಕ್ತಿಯಿಂದ ಉಣ್ಣುತ್ತಿದ್ದನು. “ಇದೇನಪ್ಪಾ, ರಾಕ್ಷಸರ ಸಂತರ್ಪಣೆಯೇ?” ಎಂದು ಹಾಸ್ಯ ಮಾಡಿದೆವು. ಹಾಸ್ಯಕ್ಕೆಂದು ನಿಂತವರು ಕುಳಿತೆವು. ಕುಳಿತವರು ರಾತ್ರಿಯ ಊಟದ ವೇಳೆಯವರೆಗೆ ಏಳಲಿಲ್ಲ.

ಈ ಕಥೆಯ ಹೆಸರು ‘ಇಸೆಕಾಯ್ ಶೊಕುದೋ’. ಅನ್ಯಲೋಕದ ಭೋಜನಶಾಲೆ ಎಂದು ಅದರ ಅರ್ಥ. ಬರೆದವರು ಜುನ್‌ಪೇಯ್ ಇನುಜುಕ ಎಂಬವರು. 2013ರಲ್ಲಿ ಅಂತರ್ಜಾಲದಲ್ಲಿ ಕಂತು ಕಂತಾಗಿ ಬರತೊಡಗಿದ ಇದು 2015ರಲ್ಲಿ ಪುಸ್ತಕರೂಪವನ್ನು ತಾಳಿತು. 2017ರಲ್ಲಿ ಹನ್ನೆರಡು ಭಾಗಗಳ ಚಿತ್ರಸರಣಿಯಾಯಿತು; 2021ರಲ್ಲಿ ಅದಕ್ಕೆ ಮುಂದುವರಿದ ಭಾಗವೂ ಬಂದಿತು. ಪುಸ್ತಕವನ್ನು ಪ್ರಕಟಿಸಿದ ಸಂಸ್ಥೆಯ ಹೆಸರು ‘ಶುಫುನೊತೊಮೊ’ ಎಂದು ಕೇಳಿದಾಗ ನಮಗೆ ವಿಶೇಷವಾದ ಸಂತೋಷವುಂಟಾಯಿತು. ಆ ಶಬ್ದದ ಅರ್ಥವು ‘ಗೃಹಿಣಿಯ ಸ್ನೇಹಿತ’ ಎಂದಾಗುತ್ತದೆ. ಇದೇ ಹೆಸರಿನ ಮಾಸಪತ್ರಿಕೆಯನ್ನು ಆ ಸಂಸ್ಥೆಯು 1917ರಲ್ಲಿ ಆರಂಭಿಸಿ 2008ರ ವರೆಗೂ ಜಪಾನಿನ ಮನೆಮನೆಗೆ ತಲಪಿಸಿತು. ಅಡುಗೆ ಮನೆಯ ಪಕ್ಕದಲ್ಲಿ ಬೆಳೆದ ಸಂಸ್ಥೆಯಿಂದ ಅಡುಗೆಯವನ ಕಥೆಯು ಹೊರಬಂದುದು ಉಚಿತವೇ ಸರಿ.

ಕಥೆಯ ಹಂದರವು ಬಹಳ ಸರಳವಾದುದು. ಟೋಕಿಯೋ ನಗರದ ಅಂಗಡಿಬೀದಿಯಲ್ಲಿ ಒಂದು ಕಟ್ಟಡ. ಅದರ ನೆಲಮಾಳಿಗೆಯಲ್ಲಿ ‘ನೆಕೊಯಾ’ ಎಂಬ ಭೋಜನಶಾಲೆ. ಬಾಗಿಲ ಮೇಲೆ ಬೆಕ್ಕಿನ ಚಿತ್ರ, ತೆರೆದರೆ ಕಿಣಿಕಿಣಿಯೆನ್ನುವ ಒಂದು ಗಂಟೆ. ತಾತನು ಸ್ಥಾಪಿಸಿದ ಈ ಅಂಗಡಿಯನ್ನು ಮೊಮ್ಮಗನು ನಡೆಸುತ್ತಿದ್ದಾನೆ. ಎಲ್ಲರೂ ಅವನನ್ನು ಯಜಮಾನನೆಂದೇ ಕರೆಯುತ್ತಾರೆ. ವಾರದ ದಿನಗಳಲ್ಲಿ ಸುತ್ತಲಿನ ಕಚೇರಿಗಳ ಗುಮಾಸ್ತರೇ ಅವನ ಗಿರಾಕಿಗಳು. ಶನಿವಾರ ರಜೆಯೆಂದು ಊರಿಗೆ ತಿಳಿಸಿದ್ದಾನೆ. ಆದರೆ ಅಂದೇ ಅವನಿಗೆ ಹೆಚ್ಚಿನ ಕೆಲಸ. ಏಕೆಂದರೆ ಏಳು ದಿನಕ್ಕೊಮ್ಮೆ ಆ ದಿವಸ ಬೇರೊಂದು ಲೋಕದಲ್ಲಿ, ಕಾಡಿನಲ್ಲಿ, ಪಾಳುಗುಡಿಯಲ್ಲಿ, ಬೆಟ್ಟದ ತಪ್ಪಲಿನಲ್ಲಿ, ಎಲ್ಲೆಂದರಲ್ಲಿ ಅದೇ ಬೆಕ್ಕಿನ ಬಾಗಿಲು ಕಾಣಿಸಿಕೊಳ್ಳುತ್ತದೆ. ತಳ್ಳಿಕೊಂಡು ಬಂದವರು ನೇರವಾಗಿ ಈ ಅಂಗಡಿಯ ಮೇಜಿನ ಮುಂದೆ ನಿಲ್ಲುತ್ತಾರೆ.

ಬರುವವರಾದರೋ ಸಾಮಾನ್ಯರಲ್ಲ. ಮಂತ್ರವಾದಿಗಳುಂಟು, ಕತ್ತಿ ಹಿಡಿದ ಕೂಲಿಯೋಧರುಂಟು, ಸಿಂಹಮುಖದವನುಂಟು. ದಿನದ ಕಡೆಯಲ್ಲಿ ಬೆಂಕಿಯುಗುಳುವ ಮಹಾಸರ್ಪಗಳ ರಾಣಿಯೊಬ್ಬಳು ಸ್ತ್ರೀರೂಪದಿಂದ ಬರುತ್ತಾಳೆ. ಗೋಮಾಂಸದ ಸಾರು ಆಕೆಗೆ ಪ್ರಾಣ. ತಾನು ಉಂಡು, ಉಳಿದುದನ್ನು ಹಂಡೆಯ ಸಮೇತ ಹೊತ್ತುಕೊಂಡು ಹೋಗುತ್ತಾಳೆ, ಚಿನ್ನದ ನಾಣ್ಯವನ್ನೂ ಇಟ್ಟು ಹೋಗುತ್ತಾಳೆ. ಕಾಯಿಲೆಯ ದೆಸೆಯಿಂದ ದೂರದ ಬೆಟ್ಟದ ಮನೆಯಲ್ಲಿರಬೇಕಾದ ರಾಜಕುಮಾರಿಯೊಬ್ಬಳಿಗೆ ಚಿಕ್ಕಂದಿನಲ್ಲಿ ತಾತನು ಬಿಳಿಯ ಮೋಡವನ್ನು ತಿನ್ನಿಸಿದ ನೆನಪು. ತಾತನು ತೀರಿಹೋಗಿದ್ದಾನೆ, ಅದು ಕನಸೋ ನಿಜವೋ ತಿಳಿಯದು. ಬಾಗಿಲು ತೆರೆದಾಗ, ಉದ್ದನೆಯ ಗಾಜಿನಲ್ಲಿ ಚಾಕೊಲೇಟಿನ ಮೇಲೆ ಕೆನೆಯ ರಾಶಿ ಬಂದು ಕುಳಿತಾಗ, ತಾತನ ಮೋಡವು ನಿಜವಾಗಿತ್ತೆಂದು ಆಕೆಗೆ ಗೊತ್ತಾಗುತ್ತದೆ. ಹಡಗೊಡೆದು ನಿರ್ಜನ ದ್ವೀಪವನ್ನು ಸೇರಿದ ಅಲ್ಫೋನ್ಸ್ ಎಂಬ ಸೇನಾನಿಯು ಅಲ್ಲಿ 20 ವರ್ಷಗಳನ್ನು ಒಬ್ಬಂಟಿಯಾಗಿ ಕಳೆದನು. ಏಳು ದಿನಕ್ಕೊಮ್ಮೆ ತೆರೆಯುವ ಆ ಬಾಗಿಲೂ, ಅದರಾಚೆಯ ಒಂದು ತಟ್ಟೆ ಕರಿ ಅನ್ನವೂ ಇಲ್ಲದಿದ್ದರೆ ಅವನ ಬುದ್ಧಿಯು ನೆಟ್ಟಗಿರುತ್ತಿತ್ತೆಂದು ಹೇಳಲಾಗದು. ಒಬ್ಬಂಟಿತನಕ್ಕೆ ಊಟಕ್ಕಿಂತ ಹೆಚ್ಚಾಗಿ, ಊಟಕ್ಕೆ ನಮ್ಮನ್ನು ನಿರೀಕ್ಷಿಸುವವರು ಒಬ್ಬರಿದ್ದಾರೆಂಬ ನೆಚ್ಚಿಕೆಯೇ ಔಷಧವಲ್ಲವೆ?

ನಮ್ಮ ಸೋದರಿಯರಿಗೆ ಹಿಡಿಸಬಹುದಾದ ಪ್ರಸಂಗವೊಂದಿದೆ. ಫಾರ್ದಾನಿಯ ಎಂಬ ವನವಾಸಿ ಕುಲದ ಕನ್ಯೆಯು ಮಾಂಸವನ್ನಾಗಲಿ ಮೀನನ್ನಾಗಲಿ ಮುಟ್ಟಳು. ಹಾಲು ಮೊಟ್ಟೆಗಳೂ ಆಕೆಗೆ ವರ್ಜ್ಯ. ಇವನಿಗೆ ಅಂಥ ಅಡುಗೆಯು ಹೇಗೆ ಸಾಧ್ಯವೆಂಬ ತಾತ್ಸಾರದಿಂದಲೇ ಒಳಗೆ ಬರುತ್ತಾಳೆ. ಯಜಮಾನನು ಬೇಸರಗೊಳ್ಳಲಿಲ್ಲ, ವಾದಕ್ಕೆ ನಿಲ್ಲಲಿಲ್ಲ. ಸೋಯಾ ಕಾಳಿನ ಹಾಲನ್ನು ಹೆಪ್ಪುಗಟ್ಟಿಸಿ ಮಾಡುವ ತೋಫು ಎಂಬ ಗಡ್ಡೆಯನ್ನು ಕಾವಲಿಯ ಮೇಲೆ ಹದವಾಗಿ ಬೇಯಿಸಿ ಮುಂದಿಟ್ಟನು. ಆಕೆಯು ಬೆರಗಾಗಿ, ಅದನ್ನು ಮೀರಿಸುವ ಅಡುಗೆಯನ್ನು ತಾನೇ ಕಲಿಯಬೇಕೆಂದು ಕಾಡು ಬಿಟ್ಟು ದೇಶಾಟನೆಗೆ ಹೊರಟಳು. ‘ನಮ್ಮಲ್ಲಿ ಇದ್ದುದನ್ನು ತಿನ್ನಿ, ಇಲ್ಲವಾದರೆ ಹೋಗಿ’ ಎನ್ನುವ ಆತಿಥ್ಯವೂ ಉಂಟು. ‘ನಿಮಗೆ ಆಗದುದು ಯಾವುದು?’ ಎಂದು ಕೇಳಿ ಒಲೆ ಹಚ್ಚುವ ಆತಿಥ್ಯವೂ ಉಂಟು. ಬಂದವರನ್ನು ಕೇಳತಕ್ಕ ಪ್ರಶ್ನೆಯೆಂದರೆ ಇದೊಂದೇ ಎಂದು ನಮ್ಮ ಮತ.

ಈ ಯಜಮಾನನನ್ನು ನಾವು ಧರ್ಮಾತ್ಮನೆಂದು ಹೊಗಳಹೊರಟಿಲ್ಲ. ಅವನದು ಅನ್ನಛತ್ರವಲ್ಲ, ಅಂಗಡಿ. ಉಂಡವರು ಹಣ ಕೊಡುತ್ತಾರೆ, ಅವನು ತೆಗೆದುಕೊಳ್ಳುತ್ತಾನೆ. ಅವನಿಗೆ ಮಂತ್ರ ಬಾರದು, ಆಯುಧ ಹಿಡಿಯಲಾರ. ಆ ಲೋಕದಲ್ಲಿ ಯಾರು ಯಾರಿಗೆ ವೈರಿ ಎಂಬ ಲೆಕ್ಕವನ್ನು ಅವನು ಇಟ್ಟುಕೊಂಡಿಲ್ಲ. ಹೊರಗೆ ಎದುರಾದರೆ ಕತ್ತಿ ಹಿರಿಯತಕ್ಕವರು ಅವನಲ್ಲಿ ಅಕ್ಕಪಕ್ಕದ ಮೇಜುಗಳಲ್ಲಿ ಕುಳಿತಿರುತ್ತಾರೆ. ಜಗಳವಾಗುವುದೇ ಇಲ್ಲವೆಂದಲ್ಲ: ಹುರಿದ ಸಿಗಡಿಯು ಉತ್ತಮವೋ, ಕರಿ ಅನ್ನವು ಉತ್ತಮವೋ ಎಂದು ಅವರು ಗಂಟಲು ಹರಿಯುವಂತೆ ವಾದಿಸುತ್ತಾರೆ. ಉಣ್ಣುವವರು ಇಂಥ ಜಗಳವನ್ನು ಆಡುತ್ತಿರುವವರೆಗೆ ಬೇರೆ ಜಗಳಕ್ಕೆ ಬಿಡುವಿರುವುದಿಲ್ಲ. ಇದನ್ನು ಆಗಮಾಡಿದ್ದು ಯಾವ ಉಪದೇಶವೂ ಅಲ್ಲ. ಪ್ರತಿ ತಟ್ಟೆಯನ್ನೂ ಒಂದೇ ಶ್ರದ್ಧೆಯಿಂದ ತುಂಬಿ ಕಳುಹಿಸುವ ಅಡುಗೆಮನೆಯ ಶಿಸ್ತು.

ಕೊಂಬಿನ ಹುಡುಗಿಯ ಕಥೆಯನ್ನು ಈಗ ಹೇಳಬೇಕು. ನಮ್ಮ ಮನಸ್ಸನ್ನು ಬಹುವಾಗಿ ಹಿಡಿದುದು ಅದೇ. ಅವಳ ಹೆಸರು ಅಲೆಟ್ಟ. ಆ ಲೋಕದಲ್ಲಿ ಅವಳ ಕುಲದವರೆಂದರೆ ಜನರಿಗೆ ಹೇಸಿಕೆ, ಭಯ. ಪಟ್ಟಣದಲ್ಲಿ ಕೊಂಬುಗಳನ್ನು ಮರೆಸಿಕೊಂಡು ಕೆಲಸಕ್ಕೆ ಸೇರುವಳು. ಗುರುತು ಸಿಕ್ಕಿದೊಡನೆ ಹೊರಗೆ ಹಾಕುವರು. ಹೊಟ್ಟೆಗಿಲ್ಲದೆ ಪಾಳುಮನೆಯೊಂದರಲ್ಲಿ ಮಲಗಿದ್ದವಳಿಗೆ ರಾತ್ರಿ ಆ ಬಾಗಿಲು ಕಾಣಿಸಿತು. ಒಳಗೆ ಬಂದವಳು ಒಲೆಯ ಮೇಲಿದ್ದ ಜೋಳದ ಸಾರಿನ ವಾಸನೆಗೆ ಸೋತು, ಕುಡಿದು, ಅಲ್ಲಿಯೇ ನಿದ್ರೆಹೋದಳು. ಬೆಳಿಗ್ಗೆ ಯಜಮಾನನು ಬಂದು ನೋಡುತ್ತಾನೆ: ಪಾತ್ರೆ ಬರಿದು, ನೆಲದ ಮೇಲೆ ಕೊಂಬಿನ ಹುಡುಗಿ. ಕದ್ದು ಕುಡಿದವಳು ನಡುಗುತ್ತ ಕ್ಷಮೆ ಬೇಡುತ್ತಾಳೆ. ಅವನು ಮೊದಲು ಮಾಡಿದ ಕೆಲಸವೆಂದರೆ ಬೆಳಗಿನ ತಿಂಡಿಯನ್ನು ತಟ್ಟೆಗೆ ಹಾಕಿ ಅವಳ ಮುಂದಿಟ್ಟದ್ದು. ತಿಂದಾದ ಮೇಲೆ, ಶನಿವಾರಗಳಲ್ಲಿ ಬಡಿಸುವ ಕೆಲಸಕ್ಕೆ ಬರುವಿಯಾ ಎಂದು ಕೇಳಿದನು. ಕೂಲಿಯುಂಟು, ಹೊತ್ತಿನ ಊಟವುಂಟು. ಕೊಂಬುಗಳನ್ನು ಮರೆಸಿಕೊಳ್ಳಬೇಕೆಂಬ ಕರಾರು ಮಾತ್ರ ಇರಲಿಲ್ಲ.

ಇಲ್ಲಿ ಒಂದು ಸಂದೇಹವು ಬರಬಹುದು. ಹೀಗೆಲ್ಲ ನಡೆಯುವುದು ಕಟ್ಟುಕಥೆಯಲ್ಲಿ. ಲೋಕದಲ್ಲಿ ಯಾವ ಅಂಗಡಿಯವನು ಗುರುತಿಲ್ಲದವರಿಗಾಗಿ ತನ್ನ ಬಾಗಿಲನ್ನು ಹೀಗೆ ತೆರೆದಾನು? ಇದಕ್ಕೆ ಉತ್ತರವನ್ನು ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ನೆಕೊಯಾದಲ್ಲಿ ಬಡಿಸುವ ಅಡುಗೆಯೇ. ಅದನ್ನು ಜಪಾನಿನಲ್ಲಿ ‘ಯೋಶೊಕು’ ಎನ್ನುತ್ತಾರೆ. ಪಾಶ್ಚಾತ್ಯ ಆಹಾರವೆಂದು ಅರ್ಥ. ಅದು ಆ ನಾಡಿಗೆ ಅತಿಥಿಯಾಗಿ ಬಂದದ್ದು. 675ರಲ್ಲಿ ತೆಮ್ಮು ಚಕ್ರವರ್ತಿಯು ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ನಿಷೇಧಿಸಿದ ಮೇಲೆ ಅಲ್ಲಿ ಮಾಂಸಾಹಾರವು ಶತಮಾನಗಳ ಕಾಲ ಹಿಂಜರಿಕೆಯ ವಿಷಯವಾಗಿತ್ತು. 1872ರಲ್ಲಿ ಮೆಯ್ಜಿ ಚಕ್ರವರ್ತಿಯು ತಾನು ಗೋಮಾಂಸವನ್ನು ಸೇವಿಸಿದುದನ್ನು ಪ್ರಜೆಗಳಿಗೆ ತಿಳಿಯಗೊಟ್ಟನು. ಅಲ್ಲಿಂದ ಮುಂದೆ ಪರದೇಶದ ತಿಂಡಿಗಳು ಒಂದೊಂದಾಗಿ ಒಳಕ್ಕೆ ಬಂದವು. ಟೋಕಿಯೋದ ಗಿನ್ಜಾ ಬೀದಿಯಲ್ಲಿ 1895ರಲ್ಲಿ ತೆರೆದ ರೆಂಗಾತೆಯ್ ಎಂಬ ಭೋಜನಶಾಲೆಯು ಫ್ರೆಂಚರ ಕಟ್ಲೆಟ್ಟನ್ನು ತನ್ನ ರೀತಿಗೆ ತಿರುಗಿಸಿಕೊಂಡು, ಎಣ್ಣೆಯಲ್ಲಿ ಕರಿದು, ಹಸಿ ಕೋಸನ್ನು ಹೆಚ್ಚಿ ಜೊತೆಗಿಟ್ಟು ಬಡಿಸಿತು. ಇಂದು ಜಪಾನಿನ ಮಗುವಿಗೆ ಕರಿ ಅನ್ನವೆಂದರೆ ತಾಯಿಯ ಕೈಯಡುಗೆ. ಅದು ಹೊರಗಿನಿಂದ ಬಂದುದೆಂದರೆ ನಂಬಲಾರದು. ನಮ್ಮ ಸಾರಿನ ಮೆಣಸಿನಕಾಯಿಯೂ ಪಲ್ಯದ ಆಲೂಗೆಡ್ಡೆಯೂ ಸಮುದ್ರ ದಾಟಿ ಬಂದವೆಂಬುದನ್ನು ನಾವು ಮರೆತಿರುವಂತೆಯೇ.

ಕಥೆಗಾರರು ಈ ಸೂಕ್ಷ್ಮವನ್ನು ಅರಿತವರು. ನೆಕೊಯಾವನ್ನು ಸ್ಥಾಪಿಸಿದ ತಾತನ ಹೆಂಡತಿಯೇ ಆ ಅನ್ಯಲೋಕದಿಂದ ಬಂದವಳೆಂದು ಮುಂದೆ ತಿಳಿದುಬರುತ್ತದೆ. ದಿಕ್ಕಿಲ್ಲದೆ ಬಂದವಳು ಮನೆಯವಳಾದಳು; ಅವಳ ಮೊಮ್ಮಗನೇ ಇಂದು ಬಾಗಿಲು ತೆರೆಯುವವನು. ನಿನ್ನೆಯ ಅತಿಥಿಯೇ ಇಂದಿನ ಆತಿಥೇಯ.

ಇದಕ್ಕೆ ಸಮನಾದ ನಿಜಸಂಗತಿಯೊಂದು ಅದೇ ಟೋಕಿಯೋದಲ್ಲಿ ನಡೆದಿದೆ; ಅದರ ನಾಯಕನು ನಮ್ಮ ದೇಶದವನು. 1912ರಲ್ಲಿ ದೆಹಲಿಯಲ್ಲಿ ವೈಸ್‌ರಾಯ್ ಹಾರ್ಡಿಂಜ್‌ ಅವರ ಮೇಲೆ ಬಾಂಬು ಎಸೆದ ಪ್ರಕರಣದಲ್ಲಿ ಬ್ರಿಟಿಷ್ ಸರಕಾರವು ಹುಡುಕುತ್ತಿದ್ದ ರಾಸ್‌ಬಿಹಾರಿ ಬೋಸರು 1915ರಲ್ಲಿ ವೇಷ ಮರೆಸಿಕೊಂಡು ಜಪಾನನ್ನು ಸೇರಿದರು. ಅಲ್ಲಿಯ ಸರಕಾರವು ಬ್ರಿಟಿಷರ ಒತ್ತಾಯಕ್ಕೆ ಮಣಿದು ಆ ವರ್ಷದ ಕೊನೆಯಲ್ಲಿ ಅವರಿಗೆ ದೇಶ ಬಿಡುವ ಆಜ್ಞೆಯನ್ನು ವಿಧಿಸಿತು. ಬಿಟ್ಟಿದ್ದರೆ ಗಲ್ಲು ಕಾದಿತ್ತು. ಆಗ ಅವರನ್ನು ಬಚ್ಚಿಟ್ಟವರು ಯಾವ ದೊರೆಯೂ ಅಲ್ಲ; ಶಿಂಜುಕುವಿನಲ್ಲಿ ನಕಮುರಾಯಾ ಎಂಬ ರೊಟ್ಟಿಯಂಗಡಿಯನ್ನು ನಡೆಸುತ್ತಿದ್ದ ಸೋಮಾ ಐಜೋ ಮತ್ತು ಅವರ ಪತ್ನಿ ಕೊಕ್ಕೋ. ಅಂಗಡಿಯ ಹಿತ್ತಿಲಿನ ಮನೆಯಲ್ಲಿ ತಿಂಗಳುಗಟ್ಟಲೆ ಅವರನ್ನು ಇಟ್ಟುಕೊಂಡರು. ಕೆಲಸದಾಳುಗಳಿಗೂ ವಿಷಯವು ತಿಳಿದಿತ್ತು; ಗುಟ್ಟು ಹೊರಬೀಳಲಿಲ್ಲ. ಭಾಷೆ ಬೇರೆ, ಬಣ್ಣ ಬೇರೆ, ದೇವರು ಬೇರೆ. ಅಡಗಿಸಿಟ್ಟುದು ಬಯಲಾದರೆ ಅಂಗಡಿಗೂ ಮನೆಗೂ ಅಪಾಯ.

ಆಜ್ಞೆಯು ರದ್ದಾದ ಮೇಲೆಯೂ ಬೇಹುಗಾರರ ಕಾಟವು ತಪ್ಪಲಿಲ್ಲ. 1918ರಲ್ಲಿ ಸೋಮಾ ದಂಪತಿಗಳ ಹಿರಿಯ ಮಗಳು ತೊಶಿಕೊ ಬೋಸರ ಕೈಹಿಡಿದಳು, ಇಬ್ಬರು ಮಕ್ಕಳಾದರು, 1925ರಲ್ಲಿ ಆಕೆಯು ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡಳು. ಎರಡು ವರ್ಷಗಳ ತರುವಾಯ, 1927ರಲ್ಲಿ, ನಕಮುರಾಯಾದಲ್ಲಿ ಭೋಜನದ ವಿಭಾಗವು ತೆರೆದಾಗ ಬೋಸರು ತಮ್ಮ ನಾಡಿನ ರೀತಿಯಲ್ಲಿ ಮಸಾಲೆ ಹುರಿದು ಮಾಡುವ ಕೋಳಿಯ ಸಾರನ್ನು ಅಲ್ಲಿಯ ಅಡುಗೆಯವರಿಗೆ ಕಲಿಸಿಕೊಟ್ಟರು. ಜಪಾನೀಯರಿಗೆ ಅದುವರೆಗೆ ಪರಿಚಯವಿದ್ದ ಕರಿಯು ಇಂಗ್ಲಿಷರ ಮೂಲಕ ಬಂದ, ಗೋಧಿಹಿಟ್ಟು ಬೆರಸಿ ಗಟ್ಟಿ ಮಾಡಿದ ಕರಿ; ಇದು ಭಾರತದಿಂದ ನೇರವಾಗಿ ಬಂದದ್ದು. ಬೋಸರು 1945ರ ಜನವರಿಯಲ್ಲಿ, ಸ್ವಾತಂತ್ರ್ಯವನ್ನು ಕಾಣದೆಯೇ ಕಣ್ಮುಚ್ಚಿದರು. ಅವರ ಕರಿಯನ್ನು ಶಿಂಜುಕುವಿನ ನಕಮುರಾಯಾದಲ್ಲಿ ಇಂದಿಗೂ ಬಡಿಸುತ್ತಾರೆ. ತಲೆಗೆ ಬೆಲೆ ಕಟ್ಟಿಸಿಕೊಂಡು ಬಂದ ಅತಿಥಿಯು ಆಶ್ರಯವಿತ್ತ ಮನೆಗೆ ತೀರಿಸಿದ ಋಣವಿದು. ಕಟ್ಟುಕಥೆಯ ಯಜಮಾನನನ್ನು ನಂಬಲಾರದವರು ಈ ರೊಟ್ಟಿಯಂಗಡಿಯ ಯಜಮಾನನನ್ನು ನೆನೆಯಬಹುದು.

ಇನ್ನು ನಮ್ಮ ಕಡೆಗೆ ತಿರುಗೋಣ. ಭಾರತೀಯ ಅತಿಥಿಗೆ ದೊರೆತ ಬಾಗಿಲನ್ನು ಹೊಗಳಿದ ಮೇಲೆ ಭಾರತದ ಬಾಗಿಲುಗಳ ಮಾತನ್ನು ಬಿಡುವುದು ನ್ಯಾಯವಲ್ಲ. ಹೋಟೆಲುಗಳು ನಮ್ಮ ಪಟ್ಟಣಗಳಿಗೆ ಹೊಸದಾಗಿ ಬಂದ ದಿನಗಳಲ್ಲಿ ಬ್ರಾಹ್ಮಣರಿಗೆಂದು ಪ್ರತ್ಯೇಕ ಕೋಣೆಯನ್ನು ಇಡುವುದು ರೂಢಿಯಾಗಿತ್ತು. ಕೆಲವರಿಗಾದರೋ ಹೊಸ್ತಿಲು ದಾಟುವ ಹಕ್ಕೇ ಇರಲಿಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಭೋಜನಶಾಲೆ, ಹೋಟೆಲುಗಳ ಪ್ರವೇಶಕ್ಕೆ ಜಾತಿ, ಮತ, ಲಿಂಗ, ಹುಟ್ಟಿದ ಸ್ಥಳಗಳು ಅಡ್ಡಿಯಾಗಕೂಡದೆಂದು ವಿಧಿಸಿದೆ. ದೇಶದ ಮೂಲಶಾಸನವು ಹೋಟೆಲಿನ ಬಾಗಿಲಿನ ಮಾತನ್ನೂ ಎತ್ತಬೇಕಾಗಿ ಬಂತೆಂದರೆ ಆ ಬಾಗಿಲು ಎಷ್ಟು ಬಿಗಿಯಾಗಿ ಮುಚ್ಚಿದ್ದಿರಬೇಕು!

ಇಂದು ಯಾವ ಹೋಟೆಲಿನವನೂ “ಯಾರ ಪೈಕಿ?” ಎಂದು ಕೇಳಿ ಇಡ್ಲಿ ಕೊಡುವಂತಿಲ್ಲ. ಆದರೆ ಶಾಸನವು ಹೋಟೆಲಿನ ಬಾಗಿಲವರೆಗೆ ಬರಬಲ್ಲದು. ಮನೆಯ ಅಡುಗೆಮನೆಯ ಕಿಟಕಿಯವರೆಗೆ ಬರಲಾರದು. ನಮ್ಮದೇ ಮನೆಯ ಸಂಗತಿಯನ್ನು ಹೇಳಿಬಿಡುತ್ತೇವೆ. ಆ ಚಿತ್ರಸರಣಿಯನ್ನು ನೋಡಿದ ಮರುದಿನ ಬೆಳಿಗ್ಗೆ ಮನೆಗೆಲಸದಾಕೆ ಪಾತ್ರೆ ತೊಳೆದು ಮುಗಿಸಿದಳು. ಕಾಫಿಯನ್ನು ಬೆರಸಿದೆವು. ಕೈಯು ತಾನಾಗಿಯೇ ಹಿಂದಿನ ಕಿಟಕಿಯ ಕಟ್ಟೆಯ ಮೇಲಿದ್ದ ಲೋಟದ ಕಡೆಗೆ ಹೋಯಿತು. ಆ ಲೋಟವನ್ನು ಅಲ್ಲಿ ಇಟ್ಟವರು ಯಾರು? ನಾವು ಇಟ್ಟಿರಲಿಲ್ಲ, ಹಿಂದಿನವರ ಕಾಲದಿಂದ ಅಲ್ಲಿತ್ತು. ನಾವು ತೆಗೆದೂ ಇರಲಿಲ್ಲ. ದಿನವೂ ನಮ್ಮ ಊಟದ ಪಾತ್ರೆಗಳನ್ನೆಲ್ಲ ತನ್ನ ಕೈಯಿಂದ ತೊಳೆದು ಶುದ್ಧಮಾಡಿಕೊಡುವವಳು ಅದೇ ಪಾತ್ರೆಯಲ್ಲಿ ಕುಡಿದರೆ ಏನಾಗುವುದೆಂದು ಇಷ್ಟು ವರ್ಷಗಳಲ್ಲಿ ಒಂದು ದಿನವೂ ಯೋಚಿಸಿರಲಿಲ್ಲ. ಹಿಂದಿನ ಸಂಜೆ ಕೊಂಬಿನ ಹುಡುಗಿಗಾಗಿ ಕಣ್ಣೀರು ತಂದುಕೊಂಡವರು ನಾವೇ!

ಅಂದು ನಮಗೆ ಆದ ನಾಚಿಕೆಯು ಅಷ್ಟಿಷ್ಟಲ್ಲ. ಬೆಂಕಿಯುಗುಳುವ ಸರ್ಪರಾಣಿಗೆ ಉಣಬಡಿಸಿದುದನ್ನು ನೋಡಿ ತಲೆದೂಗುವುದು ಸುಲಭ. ಆಕೆಯು ನಮ್ಮ ಬೀದಿಗೆ ಎಂದೂ ಬರುವವಳಲ್ಲ. ದೂರದ ಲೋಕದವರ ಮೇಲಣ ಪ್ರೀತಿಗೆ ಖರ್ಚಿಲ್ಲ. ಹಿತ್ತಿಲ ಬಾಗಿಲಿನಿಂದ ಬರುವವರ ಮೇಲಣ ಪ್ರೀತಿಗೆ ಒಂದು ಲೋಟದ ಖರ್ಚುಂಟು. ಆ ಖರ್ಚನ್ನು ಮಾಡದವರು ಅತಿಥಿಸತ್ಕಾರದ ವಿಷಯದಲ್ಲಿ ನಮ್ಮ ನಾಡಿನ ಕೀರ್ತಿಯನ್ನು ಎಷ್ಟು ಕೊಂಡಾಡಿದರೂ ಅದು ಬಾಯಿಮಾತಾಗುವುದೇ ಹೊರತು ಬೇರಲ್ಲ. ಆ ಯಜಮಾನನ ಹಿರಿಮೆಯು ಅವನ ಅದ್ಭುತ ಬಾಗಿಲಿನಲ್ಲಿಲ್ಲ. ಕೆಲಸದವಳಿಗೂ ರಾಣಿಗೂ ಒಂದೇ ಅಡುಗೆ, ಒಂದೇ ಬಗೆಯ ತಟ್ಟೆ ಎಂಬಲ್ಲಿದೆ.

ಕಿಟಕಿಯ ಮೇಲಿದ್ದ ಆ ಲೋಟವು ಈಗ ಕಪಾಟಿನಲ್ಲಿ ಉಳಿದ ಲೋಟಗಳ ನಡುವೆ ಸೇರಿಹೋಗಿದೆ. ಮೊದಲ ದಿನ ನಾವು ಒಳಗಿನ ಲೋಟದಲ್ಲಿ ಕಾಫಿ ಕೊಟ್ಟು, ಕುರ್ಚಿಯನ್ನು ಎಳೆದು ಕೂರು ಎಂದಾಗ ಆಕೆಯು ಬಹಳ ಸಂಕೋಚಪಟ್ಟುಕೊಂಡು ನಿಂತೇ ಕುಡಿದಳು. ಎರಡನೆಯ ವಾರದಲ್ಲಿ ಕುಳಿತಳು. ಮೂರನೆಯ ವಾರದಲ್ಲಿ ಕಾಫಿಗೆ ಸಕ್ಕರೆ ಹೆಚ್ಚಾಯಿತೆಂದು ಹೇಳಿದಳು. ಅಷ್ಟು ವರ್ಷಗಳಿಂದಲೂ ಆಕೆಗೆ ಸಕ್ಕರೆ ಹೆಚ್ಚೇ ಆಗುತ್ತಿತ್ತಂತೆ! ಬಂದವರನ್ನು ಕೇಳತಕ್ಕ ಪ್ರಶ್ನೆಯನ್ನು ನಾವು ಅದುವರೆಗೆ ಕೇಳಿಯೇ ಇರಲಿಲ್ಲ. ವಾಚಕರು ದಯಮಾಡಿ ತಮ್ಮ ತಮ್ಮ ಅಡುಗೆಮನೆಯ ಕಿಟಕಿಯ ಕಟ್ಟೆಯನ್ನು ಒಮ್ಮೆ ನೋಡಿಕೊಳ್ಳಬೇಕೆಂದು ವಿನಯಪೂರ್ವಕವಾಗಿ ವಿಜ್ಞಾಪಿಸಿ, ಈ ತಿಂಗಳ ಮಾತನ್ನು ಇಲ್ಲಿಗೆ ಮುಗಿಸುತ್ತೇವೆ.